ಮತ್ತೆ ಮತ್ತೆ ತುಂಬಿಸುವ ಪಾಡ್ ವೇಪ್: ಮೊದಲು ಕಾಯಿಲ್ ನೋಡಿ, ಆಮೇಲೆ ಕಿಟ್

ಸಿಗರೇಟು ಬಿಟ್ಟು ವೇಪ್‌ಗೆ, ಅಂದರೆ ನಿಕೋಟಿನ್ ಲಿಕ್ವಿಡ್ ಕಾಯಿಸಿ ಅದರ ಆವಿ ಎಳೆಯುವ ಇ-ಸಿಗರೇಟಿಗೆ, ಬರೋಣ ಅಂತ ಹೊರಟವರಲ್ಲಿ ತುಂಬ ಜನ ಮೊದಲು ನೋಡುವುದು ಬಣ್ಣ, ಆಕಾರ, ಮುಂದಿರುವ ಪುಟ್ಟ ಪರದೆ. ಅವೆಲ್ಲ ಕೊನೆಗೆ ನೋಡಬೇಕಾದವು. ಪಾಡ್ ಕಿಟ್ ನಿಮಗೆ ಒಗ್ಗುತ್ತದೋ ಇಲ್ಲವೋ ಅನ್ನುವುದು ಮೂರು ವಿಷಯದ ಮೇಲೆ ನಿಂತಿದೆ: ಒಳಗೆ ಕಾದು ಆವಿ ಮಾಡುವ ಕಾಯಿಲ್, ಅದಕ್ಕೆ ಹಾಕುವ ಲಿಕ್ವಿಡ್, ನೀವು ದಮ್ ಎಳೆಯುವ ರೀತಿ. ಈ ಮೂರೂ ಹೊಂದಿಕೊಂಡರೆ ಸಾಧಾರಣ ಕಿಟ್ ಕೂಡ ಚೆನ್ನಾಗಿ ನಡೆಯುತ್ತದೆ. ಹೊಂದದಿದ್ದರೆ ಎಷ್ಟೇ ದುಬಾರಿಯದ್ದು ತಂದರೂ ಸೋರುತ್ತದೆ, ಸುಟ್ಟ ರುಚಿ ಬರುತ್ತದೆ, ಕೆಮ್ಮು ಹತ್ತುತ್ತದೆ, ಕೊನೆಗೆ ಅದನ್ನು ಮೂಲೆಗೆ ಹಾಕಿ ಮತ್ತೆ ಸಿಗರೇಟು ಹಚ್ಚುತ್ತೀರಿ. ಹಾಗಾಗಬಾರದು ಅಂತಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಯಾರಿಗೆ, ಯಾರಿಗಲ್ಲ

ಇದು ಈಗಾಗಲೇ ಸಿಗರೇಟು ಸೇದುವ, ಅದನ್ನು ಬಿಡಬೇಕು ಅನ್ನುವ ದೊಡ್ಡವರಿಗೆ ಮಾತ್ರ. ಸಿಗರೇಟು ಸೇದದವರು ಇದನ್ನು ಶುರು ಮಾಡಲೇಬೇಡಿ. ನಿಕೋಟಿನ್ ಚಟ ಹಿಡಿಸುತ್ತದೆ, ಅದು ಹೊಗೆಯಲ್ಲಿ ಬರಲಿ, ಆವಿಯಲ್ಲಿ ಬರಲಿ. ಹದಿಹರೆಯದವರು ಮುಟ್ಟಬಾರದು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಡಾಕ್ಟರ ಹತ್ತಿರ ಮಾತಾಡದೆ ಏನನ್ನೂ ಮಾಡಬಾರದು.

ವೇಪ್‌ನಲ್ಲಿ ತಂಬಾಕು ಸುಡುವುದಿಲ್ಲ. ಹಾಗಾಗಿ ಸುಡುವುದರಿಂದ ಬರುವ ಟಾರ್, ಕಾರ್ಬನ್ ಮೊನಾಕ್ಸೈಡ್ ಇದರಲ್ಲಿ ಇರುವುದಿಲ್ಲ. ಸೇದುವವರಿಗೆ ಇದರಿಂದ ಆಗುವ ಲಾಭವೆಲ್ಲ ಅಲ್ಲಿಂದ ಬರುವುದು. ಅಂದ ಮಾತ್ರಕ್ಕೆ ಇದು ನಿರಪಾಯ ಅಲ್ಲ. ವೇಪ್ ಬಂದು ಇನ್ನೂ ಹೆಚ್ಚು ಕಾಲ ಆಗಿಲ್ಲ, ದೀರ್ಘಕಾಲದ ಪರಿಣಾಮ ಪೂರ್ತಿ ತಿಳಿಯಲು ಇನ್ನೂ ವರ್ಷಗಳು ಬೇಕು. ಸಿಗರೇಟು ಬಿಡಿಸುವ ವಿಧಾನಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆ, ನಿಕೋಟಿನ್ ಪ್ಯಾಚ್, ಗಮ್‌ಗಳಿಗಿಂತ ನಿಕೋಟಿನ್ ಇರುವ ವೇಪ್ ಬಳಸಿದವರಲ್ಲಿ ಸಿಗರೇಟು ಬಿಟ್ಟವರು ಜಾಸ್ತಿ ಅಂತ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಎಚ್ಚರಿಕೆಯ ಮಾತನ್ನೇ ಆಡುತ್ತದೆ. ಎರಡನ್ನೂ ತಲೆಯಲ್ಲಿ ಇಟ್ಟುಕೊಂಡು ನಿರ್ಧಾರ ಮಾಡಿ.

ಕಾನೂನಿನ ಮಾತು ಕೂಡ ಇಲ್ಲೇ ಮುಗಿಸಿಬಿಡುತ್ತೇನೆ. ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟು ತಯಾರಿಸುವುದು, ಆಮದು ಮಾಡುವುದು, ಮಾರುವುದು, ದಾಸ್ತಾನು ಇಡುವುದು, ಜಾಹೀರಾತು ಕೊಡುವುದು ಎಲ್ಲಕ್ಕೂ ನಿಷೇಧ ಇದೆ. ಸಿಂಗಪುರದಲ್ಲಿ ಜೇಬಿನಲ್ಲಿ ಇಟ್ಟುಕೊಂಡಿದ್ದರೂ ಅಪರಾಧ. ಬ್ರಿಟನ್ ಮತ್ತು ಯುರೋಪಿನ ಹಲವು ದೇಶಗಳಲ್ಲಿ ನಿಯಮಗಳ ಒಳಗೆ ಮಾರುತ್ತಾರೆ. ಹಾಗಾಗಿ ಮುಂದೆ ಬರೆದಿರುವುದು ಇದು ಕಾನೂನುಬದ್ಧವಾಗಿ ಸಿಗುವ ಕಡೆ ಇರುವವರಿಗೆ. ಬೇರೆ ದೇಶಕ್ಕೆ ಹೊರಟಾಗ ಅಲ್ಲಿನ ನಿಯಮ ನೋಡದೆ ಬ್ಯಾಗಿಗೆ ಹಾಕಬೇಡಿ. ನಿಷೇಧ ಇರುವ ಕಡೆ ಕದ್ದು ಮಾರುವ ಮಾಲಿನಲ್ಲಿ ಏನು ತುಂಬಿದ್ದಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಆ ದಾರಿ ಬೇಡವೇ ಬೇಡ.

ಒಳಗೆ ಏನಿದೆ

ಪಾಡ್ ಕಿಟ್‌ನಲ್ಲಿ ಇರುವುದು ಎರಡೇ ಭಾಗ. ಕೆಳಗೆ ಬ್ಯಾಟರಿ, ಮೇಲೆ ಪಾಡ್. ಪಾಡ್ ಅಂದರೆ ಲಿಕ್ವಿಡ್ ತುಂಬುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಅದರ ತುದಿಯೇ ಬಾಯಿಗೆ ಇಡುವ ಭಾಗ. ಅದರ ತಳದಲ್ಲಿ ಕಾಯಿಲ್ ಇರುತ್ತದೆ: ತೆಳುವಾದ ಲೋಹದ ಜಾಲರಿ ಅಥವಾ ತಂತಿ, ಅದರ ಸುತ್ತ ಹತ್ತಿ. ಹತ್ತಿ ಲಿಕ್ವಿಡ್ ಹೀರಿಕೊಳ್ಳುತ್ತದೆ, ಕರೆಂಟ್ ಹರಿದಾಗ ಲೋಹ ಕಾಯುತ್ತದೆ, ಲಿಕ್ವಿಡ್ ಆವಿಯಾಗುತ್ತದೆ. ಹತ್ತಿ ಒಣಗಿದ್ದಾಗ ಲೋಹ ಕಾದರೆ ಹತ್ತಿಯೇ ಸುಡುತ್ತದೆ. ಈ ಒಂದು ಮಾತು ನೆನಪಿದ್ದರೆ ಮುಂದೆ ಬರುವ ಅರ್ಧ ಸಮಸ್ಯೆಗಳ ಕಾರಣ ನಿಮಗೇ ಹೊಳೆಯುತ್ತದೆ.

ಪಾಡ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಕಾಯಿಲ್ ಪಾಡಿನ ಒಳಗೇ ಕೂತಿರುತ್ತದೆ, ಸವೆದಾಗ ಇಡೀ ಪಾಡ್ ಬದಲಾಯಿಸಬೇಕು. ವೇಪೊರೆಸೊ ಎಕ್ಸ್‌ರೋಸ್ ಸಾಲಿನವು ಹೀಗೆ. ಇನ್ನೊಂದರಲ್ಲಿ ಪಾಡ್ ಉಳಿಯುತ್ತದೆ, ಕಾಯಿಲ್ ಮಾತ್ರ ಕೆಳಗಿನಿಂದ ಎಳೆದು ತೆಗೆದು ಹೊಸದನ್ನು ಒತ್ತಿ ಕೂರಿಸಬಹುದು. ಉವೆಲ್ ಕ್ಯಾಲಿಬರ್ನ್ ಜಿ ಹೀಗೆ. ಮೊದಲನೆಯದು ಸುಲಭ, ಸೋರುವುದು ಕಡಿಮೆ, ಕೈಗೆ ಅಂಟುವುದೂ ಕಡಿಮೆ. ಎರಡನೆಯದರಲ್ಲಿ ಕಸ ಕಡಿಮೆ, ಬೇರೆ ಬೇರೆ ಕಾಯಿಲ್ ಹಾಕಿ ನೋಡಬಹುದು, ಆದರೆ ಕಾಯಿಲ್ ಸರಿಯಾಗಿ ಕೂರದಿದ್ದರೆ ಸಂದಿಯಿಂದ ಲಿಕ್ವಿಡ್ ಇಳಿಯುತ್ತದೆ. ಮೊದಲ ಕಿಟ್ ಕೊಳ್ಳುವವರಿಗೆ ನನ್ನ ಮಾತು: ಕಾಯಿಲ್ ಒಳಗೇ ಇರುವ ಪಾಡ್ ತೆಗೆದುಕೊಳ್ಳಿ. ಸಿಗರೇಟು ಬಿಡುವ ಮೊದಲ ವಾರಗಳಲ್ಲಿ ನಿಮಗೆ ತಾಳ್ಮೆ ಕಡಿಮೆ ಇರುತ್ತದೆ, ಆಗ ಗೊಂದಲವಿಲ್ಲದೆ ನಡೆಯುವ ಸಾಧನ ಕೈಯಲ್ಲಿರಬೇಕು.

ಕೊಳ್ಳುವ ಮೊದಲು ಇನ್ನೊಂದನ್ನು ಖಚಿತ ಮಾಡಿಕೊಳ್ಳಿ. ಆ ಕಿಟ್‌ನ ಪಾಡ್ ಅಥವಾ ಕಾಯಿಲ್ ನೀವು ಇರುವ ಕಡೆ ಸುಲಭವಾಗಿ ಸಿಗುತ್ತದಾ? ಒಂದು ಕಂಪನಿಯ ಪಾಡ್ ಇನ್ನೊಂದಕ್ಕೆ ಕೂರುವುದಿಲ್ಲ, ಎಷ್ಟೋ ಸಲ ಅದೇ ಕಂಪನಿಯ ಬೇರೆ ಮಾದರಿಗೂ ಕೂರುವುದಿಲ್ಲ. ಕಿಟ್ ಒಮ್ಮೆ ಕೊಳ್ಳುತ್ತೀರಿ, ಪಾಡ್ ತಿಂಗಳು ತಿಂಗಳು ಕೊಳ್ಳುತ್ತೀರಿ. ತುಂಬ ದಿನದಿಂದ ಮಾರಾಟದಲ್ಲಿರುವ, ಒಂದೇ ಪಾಡ್ ಅನೇಕ ಮಾದರಿಗಳಿಗೆ ಹೊಂದುವ ಸಾಲನ್ನು ಆರಿಸಿಕೊಂಡರೆ ಬ್ಯಾಟರಿ ಹಾಳಾಗಿ ಹೊಸ ಸಾಧನ ತಂದಾಗಲೂ ಮನೆಯಲ್ಲಿರುವ ಪಾಡ್‌ಗಳು ದಂಡವಾಗುವುದಿಲ್ಲ.

ದಮ್ ಎಳೆಯುವ ರೀತಿ ಮತ್ತು ಓಮ್

ಸಿಗರೇಟು ಸೇದುವಾಗ ನೀವು ಹೊಗೆಯನ್ನು ಮೊದಲು ಬಾಯಿಗೆ ಎಳೆದುಕೊಳ್ಳುತ್ತೀರಿ, ಆಮೇಲೆ ಒಳಗೆ ತೆಗೆದುಕೊಳ್ಳುತ್ತೀರಿ. ವೇಪ್‌ನಲ್ಲಿ ಇದಕ್ಕೆ ಎಂಟಿಎಲ್ ಅನ್ನುತ್ತಾರೆ. ಹುಕ್ಕಾ ಸೇದುವ ಹಾಗೆ ನೇರ ಎದೆಗೆ ಎಳೆದುಕೊಳ್ಳುವುದು ಇನ್ನೊಂದು ರೀತಿ, ಅದು ಡಿಟಿಎಲ್. ಇವೆರಡರ ನಡುವೆ, ಸ್ವಲ್ಪ ಬಿಗಿ ಇಟ್ಟುಕೊಂಡು ನೇರ ಎಳೆಯುವುದು ಆರ್‌ಡಿಎಲ್. ಸಿಗರೇಟಿನಿಂದ ಬರುವವರಿಗೆ ಎಂಟಿಎಲ್ ಸರಿ ಹೋಗುತ್ತದೆ, ಇದರಲ್ಲಿ ನನಗೆ ಅನುಮಾನ ಇಲ್ಲ. ದೊಡ್ಡ ಮೋಡದಂಥ ಆವಿ ನೋಡಿ ಮರುಳಾಗಿ ನೇರ ಎದೆಗೆ ಎಳೆಯುವ ಸಾಧನ ತಂದವರು ಮೊದಲ ದಮ್‌ಗೇ ಕೆಮ್ಮಿ, ಇದು ನನಗಾಗಲ್ಲ ಅಂತ ಬಿಟ್ಟುಬಿಡುತ್ತಾರೆ.

ಯಾವ ಪಾಡ್ ಯಾವ ರೀತಿಗೆ ಅಂತ ತಿಳಿಯಲು ಅದರ ಮೇಲೆ ಬರೆದಿರುವ ಓಮ್, ಅಂದರೆ ಕಾಯಿಲ್ ಕರೆಂಟಿಗೆ ಒಡ್ಡುವ ತಡೆಯ ಅಳತೆ, ನೋಡಿ. 0.8, 1.0, 1.2 ಓಮ್ ಇದ್ದರೆ ಬಿಗಿಯಾದ, ಸಿಗರೇಟಿನಂಥ ದಮ್. 0.6 ನಡುವಿನದು. 0.4 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಡಿಲ ದಮ್, ಜಾಸ್ತಿ ಆವಿ, ಜಾಸ್ತಿ ಲಿಕ್ವಿಡ್ ಖರ್ಚು. ಯಾಕೆ ಹೀಗೆ ಅಂದರೆ ಓಮ್ ಕಡಿಮೆ ಆದಷ್ಟೂ ಅದೇ ಬ್ಯಾಟರಿಯಿಂದ ಹೆಚ್ಚು ಶಕ್ತಿ ಹರಿಯುತ್ತದೆ. 3.7 ವೋಲ್ಟ್‌ನಲ್ಲಿ 1.2 ಓಮ್ ಕಾಯಿಲ್ ಸುಮಾರು 11 ವ್ಯಾಟ್ ಎಳೆಯುತ್ತದೆ, 0.8 ಓಮ್ ಸುಮಾರು 17, 0.6 ಓಮ್ ಹತ್ತಿರ ಹತ್ತಿರ 23. ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ಈಗಿನ ಸಾಧನಗಳಲ್ಲಿ ಒಳಗಿನ ಚಿಪ್ ಪಾಡನ್ನು ಗುರುತಿಸಿ ತಾನೇ ವ್ಯಾಟ್ ಹೊಂದಿಸುವುದುಂಟು. ನಿಮ್ಮದರಲ್ಲಿ ಕೈಯಾರೆ ಬದಲಾಯಿಸಬೇಕಿದ್ದರೆ ಪಾಡ್ ಮೇಲೆ ಬರೆದಿರುವ ವ್ಯಾಟ್ ಮಿತಿಯ ಕೆಳ ತುದಿಯಿಂದ ಶುರು ಮಾಡಿ, ರುಚಿ ಸಾಲದು ಅನಿಸಿದರೆ ಒಂದೊಂದೇ ಏರಿಸಿ. ಮಿತಿ ದಾಟಬೇಡಿ.

ಗಾಳಿ ಬರುವ ಕಿಂಡಿಯನ್ನು ಹಿಗ್ಗಿಸುವ, ಕುಗ್ಗಿಸುವ ಸೌಕರ್ಯ ಇದ್ದರೆ ಖಂಡಿತ ಒಳ್ಳೆಯದು. ಕೆಲವದರಲ್ಲಿ ಪಕ್ಕದಲ್ಲಿ ಜಾರುವ ಗುಂಡಿ ಇರುತ್ತದೆ, ಕೆಲವದರಲ್ಲಿ ಪಾಡನ್ನೇ ತಿರುಗಿಸಿ ಹಾಕಿದರೆ ಗಾಳಿ ಬದಲಾಗುತ್ತದೆ. ದಮ್ ಎಷ್ಟು ಬಿಗಿ ಇರಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ, ಅದನ್ನು ಹೊಂದಿಸಿಕೊಳ್ಳಲು ಅವಕಾಶ ಇರಲಿ.

ಲಿಕ್ವಿಡ್: ಇಲ್ಲಿ ಆತುರ ಬೇಡ

ಲಿಕ್ವಿಡ್‌ನಲ್ಲಿ ಇರುವುದು ನಾಲ್ಕು ವಸ್ತು. ಪ್ರೊಪಿಲೀನ್ ಗ್ಲೈಕಾಲ್ ಅಂದರೆ ಪಿಜಿ, ವೆಜಿಟಬಲ್ ಗ್ಲಿಸರಿನ್ ಅಂದರೆ ವಿಜಿ, ರುಚಿ, ನಿಕೋಟಿನ್. ಪಿಜಿ ತೆಳು, ಗಂಟಲಿಗೆ ಸಿಗರೇಟಿನಂಥ ಏಟು ಕೊಡುತ್ತದೆ. ವಿಜಿ ಗಟ್ಟಿ, ಆವಿ ದಟ್ಟವಾಗಿ ಬರುತ್ತದೆ, ಗಂಟಲಿಗೆ ಮೆತ್ತಗೆ. ಬಾಟಲಿ ಮೇಲೆ 50/50 ಅಂತ ಇದ್ದರೆ ಎರಡೂ ಸಮ. 0.8ರಿಂದ 1.2 ಓಮ್ ಪಾಡ್‌ಗೆ ಇದೇ ಸರಿ, ಕಾಯಿಲ್‌ನ ಸಣ್ಣ ತೂತುಗಳ ಮೂಲಕ ಸುಲಭವಾಗಿ ಹತ್ತಿಗೆ ಇಳಿಯುತ್ತದೆ. ಶೇಕಡಾ 70ರಷ್ಟು ವಿಜಿ ಇರುವ ಗಟ್ಟಿ ಲಿಕ್ವಿಡ್ ಹಾಕಿದರೆ ಅದು ಬೇಗ ಇಳಿಯುವುದಿಲ್ಲ, ಹತ್ತಿ ಒಣಗುತ್ತದೆ, ಸುಡುತ್ತದೆ. 0.4 ಓಮ್ ಪಾಡ್‌ನಲ್ಲಿ ಇದರ ತದ್ವಿರುದ್ಧ: ಅದರ ತೂತು ದೊಡ್ಡದು, ತೆಳು ಲಿಕ್ವಿಡ್ ಹಾಕಿದರೆ ಸೋರುತ್ತದೆ. ಪಾಡ್ ಸೋರುತ್ತದೆ, ಸುಡುತ್ತದೆ ಅಂತ ಬರುವ ದೂರುಗಳಲ್ಲಿ ಎಷ್ಟೋ ಈ ಒಂದು ಹೊಂದಾಣಿಕೆ ತಪ್ಪಿದ್ದರಿಂದ ಆಗಿರುತ್ತವೆ.

ನಿಕೋಟಿನ್ ಎರಡು ರೂಪದಲ್ಲಿ ಬರುತ್ತದೆ. ಫ್ರೀಬೇಸ್ ಹಳೆಯದು, ಪ್ರಮಾಣ ಏರಿದಂತೆ ಗಂಟಲಿಗೆ ಒರಟಾಗುತ್ತದೆ. ನಿಕ್ ಸಾಲ್ಟ್ ಅನ್ನುವುದರಲ್ಲಿ ಬೆಂಜಾಯಿಕ್ ಆಮ್ಲದಂಥ ಒಂದು ಆಮ್ಲ ಸೇರಿಸಿರುತ್ತಾರೆ, ಹಾಗಾಗಿ ಪ್ರಮಾಣ ಹೆಚ್ಚಿದ್ದರೂ ಗಂಟಲು ಅಷ್ಟಾಗಿ ಉರಿಯುವುದಿಲ್ಲ. ದಿನಕ್ಕೆ ಒಂದು ಪ್ಯಾಕಿನ ಹತ್ತಿರ ಸೇದುವವರಿಗೆ ಎಂಟಿಎಲ್ ಪಾಡ್‌ನಲ್ಲಿ 20 ಮಿ.ಗ್ರಾಂ. ನಿಕ್ ಸಾಲ್ಟ್ ಶುರುವಿಗೆ ಸರಿಯಾಗಬಹುದು. ಅರ್ಧ ಪ್ಯಾಕ್ ಅಥವಾ ಕಡಿಮೆ ಸೇದುವವರು 10ರಿಂದ ನೋಡಬಹುದು. ಇದು ಒಂದು ಮಿಲಿಲೀಟರಿಗೆ ಇರುವ ಲೆಕ್ಕ. ಕೆಲವರು ಶೇಕಡಾದಲ್ಲಿ ಬರೆದಿರುತ್ತಾರೆ, 20 ಮಿ.ಗ್ರಾಂ. ಅಂದರೆ 2 ಶೇಕಡಾ. ಬ್ರಿಟನ್ನಿನಲ್ಲಿ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ 20ರ ಮೇಲೆ ಮಾರುವಂತಿಲ್ಲ, ಪಾಡ್‌ನಲ್ಲಿ 2 ಮಿ.ಲೀ.ಗಿಂತ ಜಾಸ್ತಿ ಹಿಡಿಸುವಂತಿಲ್ಲ, ನಿಕೋಟಿನ್ ಇರುವ ಬಾಟಲಿ 10 ಮಿ.ಲೀ. ದಾಟುವಂತಿಲ್ಲ. ಅಮೆರಿಕದಲ್ಲಿ 50 ಮಿ.ಗ್ರಾಂ. ಅಂದರೆ 5 ಶೇಕಡಾದವೂ ಸಿಗುತ್ತವೆ. ಅದು ತುಂಬ ಜಾಸ್ತಿ, ಹೊಸಬರು ಅತ್ತ ಹೋಗಬೇಡಿ.

ಒಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಲೇಬೇಕು. ನಿಕೋಟಿನ್ ಕಡಿಮೆ ತಗೊಂಡರೆ ಒಳ್ಳೆಯದಲ್ವಾ ಅಂತ ಮೊದಲ ದಿನವೇ 3 ಮಿ.ಗ್ರಾಂ.ನಿಂದ ಶುರು ಮಾಡುವವರು ಇದ್ದಾರೆ. ಬಿಗಿ ದಮ್‌ನ ಪುಟ್ಟ ಪಾಡ್‌ನಲ್ಲಿ 3 ಮಿ.ಗ್ರಾಂ. ಅಂದರೆ ಮೈಗೆ ಸಾಕಷ್ಟು ಸಿಗುವುದಿಲ್ಲ. ತಲೆ ಸಿಡಿಯುತ್ತದೆ, ಸಿಟ್ಟು ಬರುತ್ತದೆ, ಸಂಜೆಯೊಳಗೆ ಸಿಗರೇಟು ಕೈಯಲ್ಲಿ. ಮೊದಲು ಸಿಗರೇಟು ಪೂರ್ತಿ ನಿಲ್ಲಲಿ, ನಿಕೋಟಿನ್ ಇಳಿಸುವುದು ಆಮೇಲಿನ ಕೆಲಸ. ಹಾಗೆಯೇ ಜಾಸ್ತಿ ಆದಾಗಲೂ ಮೈ ಹೇಳುತ್ತದೆ: ತಲೆ ಸುತ್ತು, ವಾಕರಿಕೆ, ತಲೆನೋವು, ಬಿಕ್ಕಳಿಕೆ, ಎದೆ ಹೊಡೆದುಕೊಳ್ಳುವುದು. ಕೂಡಲೇ ನಿಲ್ಲಿಸಿ, ಗಾಳಿಯಾಡುವ ಕಡೆ ಕೂರಿ, ನೀರು ಕುಡಿಯಿರಿ, ಮುಂದಿನ ಬಾಟಲಿ ಕಡಿಮೆ ಪ್ರಮಾಣದ್ದು ತನ್ನಿ. ಎದೆ ನೋವು ಬಂದರೆ ಕಾಯುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ರುಚಿ ನಿಮ್ಮಿಷ್ಟ. ಒಂದೇ ಒಂದು ಮಾತು, ಅತಿ ಸಿಹಿ ಲಿಕ್ವಿಡ್‌ನಲ್ಲಿ ಸುಕ್ರಲೋಸ್ ಇರುತ್ತದೆ, ಅದು ಕಾಯಿಲ್ ಮೇಲೆ ಕರಿ ಕಟ್ಟಿಸುತ್ತದೆ. ಗಾಢ ಬಣ್ಣದ, ಸಿಹಿ ಲಿಕ್ವಿಡ್ ಸೇದುವವರ ಪಾಡ್ ಬೇಗ ಸಾಯುತ್ತದೆ, ತಿಳಿ ಬಣ್ಣದ ಮೆಂಥಾಲ್‌ನಂಥವು ಜಾಸ್ತಿ ದಿನ ಬಾಳಿಸುತ್ತವೆ.

ಪಾಡ್‌ಗೆ ಎಣ್ಣೆ ಅನ್ನುವಂಥದ್ದು ಏನನ್ನೂ ಹಾಕಬಾರದು. ಅಡುಗೆ ಎಣ್ಣೆ, ಸುಗಂಧ ತೈಲ, ಮನೆಯಲ್ಲೇ ಬೆರೆಸಿದ ರುಚಿ, ಯಾವುದೂ ಬೇಡ. ಎಣ್ಣೆಯ ಆವಿ ಶ್ವಾಸಕೋಶಕ್ಕೆ ಹೋದರೆ ಅಲ್ಲಿ ಉರಿಯೂತ ಆಗುತ್ತದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿದ ಅನೇಕರು ಶ್ವಾಸಕೋಶದ ತೀವ್ರ ಗಾಯದಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಇರುವ, ಕಳ್ಳದಾರಿಯಲ್ಲಿ ಮಾರುವ ಪಾಡ್‌ಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್‌ಗೂ ಅದಕ್ಕೂ ಬಲವಾದ ನಂಟು ಕಂಡುಬಂತು. ಸೀಲ್ ಇರುವ, ಮಕ್ಕಳು ತೆರೆಯಲಾಗದ ಮುಚ್ಚಳ ಇರುವ, ಒಳಗೇನಿದೆ ಅಂತ ಬರೆದಿರುವ ಬಾಟಲಿ ಮಾತ್ರ ಕೊಳ್ಳಿ.

ಬ್ಯಾಟರಿ

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಲೆಕ್ಕ ಸರಳ: 800 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 3 ವ್ಯಾಟ್ ಅವರ್ ಶಕ್ತಿ ಇರುತ್ತದೆ. 15 ವ್ಯಾಟ್‌ನಲ್ಲಿ ಬಿಡದೆ ಉರಿಸಿದರೆ 12 ನಿಮಿಷ. ಒಂದು ದಮ್ 3 ಸೆಕೆಂಡ್ ಅಂತ ಹಿಡಿದರೆ ಕಾಗದದ ಮೇಲೆ 240 ದಮ್ ಬರುತ್ತದೆ, ನಿಜ ಬಳಕೆಯಲ್ಲಿ ಅದಕ್ಕಿಂತ ಕಡಿಮೆ. ಎಂಟಿಎಲ್ ಪಾಡ್‌ಗೆ 800ರಿಂದ 1000 ಇದ್ದರೆ ಹೆಚ್ಚಿನವರಿಗೆ ಒಂದು ದಿನ ಸಾಕು. 400ರ ಆಸುಪಾಸಿನ ಪುಟ್ಟ ಕಿಟ್ ತಂದು ಮಧ್ಯಾಹ್ನಕ್ಕೇ ಚಾರ್ಜ್ ಹೋದರೆ ನಿಮಗೆ ಸಿಗರೇಟೇ ನೆನಪಾಗುವುದು. ಗುಂಡಿ ಒತ್ತಿ ಸೇದುವುದಾ, ಎಳೆದರೆ ತಾನೇ ಹೊತ್ತಿಕೊಳ್ಳುವುದಾ ಅಂದರೆ, ಎಳೆದರೆ ಹೊತ್ತಿಕೊಳ್ಳುವುದೇ ಸಿಗರೇಟಿನ ಅಭ್ಯಾಸಕ್ಕೆ ಹತ್ತಿರ. ಗುಂಡಿ ಇರುವುದನ್ನು ಬೇಗ ಬೇಗ 5 ಸಲ ಒತ್ತಿದರೆ ಆನ್ ಅಥವಾ ಆಫ್ ಆಗುವುದು ವಾಡಿಕೆ.

ಚಾರ್ಜ್ ಮಾಡಲು ಕಿಟ್ ಜೊತೆ ಬಂದ ಕೇಬಲ್ ಬಳಸಿ, ಪುಸ್ತಿಕೆಯಲ್ಲಿ ಹೇಳಿದ ಚಾರ್ಜರನ್ನೇ ಹಾಕಿ. ಹೆಚ್ಚಾಗಿ 5 ವೋಲ್ಟ್, 1 ಅಥವಾ 2 ಆಂಪಿಯರ್ ಅಂತ ಇರುತ್ತದೆ. ಫೋನಿನ ಫಾಸ್ಟ್ ಚಾರ್ಜರ್ ಬೇಡ. ದಿಂಬಿನ ಪಕ್ಕ, ಹಾಸಿಗೆ ಮೇಲೆ, ರಾತ್ರಿ ಮಲಗಿದ್ದಾಗ ಚಾರ್ಜಿಗೆ ಹಾಕಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಬ್ಯಾಟರಿ ಉಬ್ಬಿದ್ದರೆ, ಕಿಟ್ ಬಿರುಕು ಬಿಟ್ಟಿದ್ದರೆ, ನೀರಿಗೆ ಬಿದ್ದಿದ್ದರೆ ಮತ್ತೆ ಬಳಸಬೇಡಿ.

ಮೊದಲ ಸಲ ತುಂಬಿಸುವುದು

ಕೈ ತೊಳೆದು ಒರೆಸಿಕೊಳ್ಳಿ, ಕೆಳಗೆ ಒಂದು ಕಾಗದ ಹಾಸಿ. ಹೊಸ ಪಾಡ್‌ನ ಮೇಲೆ, ಕೆಳಗೆ ಅಂಟಿಸಿರುವ ಸ್ಟಿಕ್ಕರ್ ಕಿತ್ತುಹಾಕಿ. ಇದನ್ನು ಮರೆತರೆ ಗಾಳಿಯೇ ಬರುವುದಿಲ್ಲ. ಕಾಯಿಲ್ ಬೇರೆಯಾಗಿ ಬಂದಿದ್ದರೆ ಪಕ್ಕದಲ್ಲಿ ಹತ್ತಿ ಕಾಣುವ ತೂತುಗಳಿಗೆ ಒಂದೊಂದು ಹನಿ ಲಿಕ್ವಿಡ್ ಬಿಟ್ಟು, ಆಮೇಲೆ ಪಾಡ್‌ಗೆ ಪೂರ್ತಿ ಒತ್ತಿ ಕೂರಿಸಿ.

ತುಂಬಿಸುವ ತೂತು ಪಕ್ಕದಲ್ಲಿ ರಬ್ಬರ್ ಮುಚ್ಚಳದ ಕೆಳಗೆ ಇರುತ್ತದೆ, ಅಥವಾ ಬಾಯಿಗೆ ಇಡುವ ಭಾಗವನ್ನು ತೆಗೆದರೆ ಮೇಲೆ ಕಾಣುತ್ತದೆ. ಬಾಟಲಿಯ ಮೂತಿ ತೂತಿನ ಒಳಗೆ ಹೋಗುವಂತೆ ಹಿಡಿದು ನಿಧಾನ ಹಿಂಡಿ. ಜೋರಾಗಿ ಹಿಂಡಿದರೆ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದೆ ಅದು ಲಿಕ್ವಿಡನ್ನು ಕಾಯಿಲ್ ಒಳಕ್ಕೆ ತಳ್ಳುತ್ತದೆ, ಆಮೇಲೆ ಬಾಯಿಗೆ ಲಿಕ್ವಿಡ್ ಬರುತ್ತದೆ. ಕಂಠದವರೆಗೆ ತುಂಬಿಸಬೇಡಿ, ಮ್ಯಾಕ್ಸ್ ಗೆರೆಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿ. ನಡುವಿನ ಆವಿ ಬರುವ ಕೊಳವೆಗೆ ಅಪ್ಪಿತಪ್ಪಿಯೂ ಸುರಿಯಬೇಡಿ. ಮುಚ್ಚಳ ಬಿಗಿಯಾಗಿ ಒತ್ತಿ, ಹೊರಗೆ ಚೆಲ್ಲಿದ್ದನ್ನು ಒರೆಸಿ.

ಈಗ ಕಾಯಿರಿ. 10 ನಿಮಿಷ ನೆಟ್ಟಗೆ ನಿಲ್ಲಿಸಿಡಿ. ಹತ್ತಿ ಪೂರ್ತಿ ನೆನೆಯಲು ಅಷ್ಟು ಹೊತ್ತು ಬೇಕು, 50/50ಗಿಂತ ಗಟ್ಟಿ ಲಿಕ್ವಿಡ್ ಆದರೆ ಇನ್ನೂ ಸ್ವಲ್ಪ ಜಾಸ್ತಿ. ತುಂಬಿಸಿದ ಕೂಡಲೇ ಎಳೆದರೆ ಹತ್ತಿಯ ಒಣ ಭಾಗ ಸುಟ್ಟು ಕಪ್ಪಾಗುತ್ತದೆ, ಆ ರುಚಿ ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ, ಹೊಸ ಪಾಡ್ ಕಸಕ್ಕೆ. ಇಡೀ ಬರಹದಲ್ಲಿ ಒಂದೇ ಒಂದನ್ನು ಪಾಲಿಸುತ್ತೀರಿ ಅಂದರೆ ಈ 10 ನಿಮಿಷವನ್ನು ಪಾಲಿಸಿ. ಮೊದಲ ನಾಲ್ಕೈದು ದಮ್ ಚಿಕ್ಕದಾಗಿರಲಿ, ನಡುವೆ ಸ್ವಲ್ಪ ಬಿಡುವು ಇರಲಿ.

ಎಳೆಯುವ ರೀತಿಯೂ ಬದಲಾಗಬೇಕು. ಸಿಗರೇಟಿಗೆ ಎಳೆದಷ್ಟು ಜೋರಾಗಿ, ಚುರುಕಾಗಿ ಎಳೆಯಬೇಡಿ. ನಿಧಾನ, ಒಂದೇ ಸಮ, 2ರಿಂದ 4 ಸೆಕೆಂಡ್. ಜೋರಾಗಿ ಎಳೆದರೆ ಆವಿ ಜಾಸ್ತಿ ಬರುವುದಿಲ್ಲ, ಲಿಕ್ವಿಡ್ ಹೀರಿಕೊಂಡು ಬರುತ್ತದೆ. ಒಂದರ ಹಿಂದೆ ಒಂದು ಎಳೆದರೆ ಹತ್ತಿಗೆ ಮತ್ತೆ ನೆನೆಯಲು ಸಮಯ ಸಿಗುವುದಿಲ್ಲ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಇನ್ನೊಂದು, ಸಿಗರೇಟಿನ ನಿಕೋಟಿನ್ ಮಿದುಳಿಗೆ ತಕ್ಷಣ ತಲುಪುತ್ತದೆ, ಪಾಡ್‌ನಿಂದ ಸ್ವಲ್ಪ ನಿಧಾನ ಆಗಬಹುದು. ನಾಲ್ಕು ದಮ್ ಎಳೆದು ಐದು ನಿಮಿಷ ಕಾದು ನೋಡಿ, ಆಸೆ ಇಳಿಯುತ್ತದೆ. ಏನೂ ಆಗಲಿಲ್ಲ ಅಂತ ಬಿಡದೆ ಎಳೆಯುತ್ತ ಹೋದರೆ ಆಮೇಲೆ ವಾಕರಿಕೆ ಬರುತ್ತದೆ.

ತೊಂದರೆ ಬಂದಾಗ

ಸುಟ್ಟ ರುಚಿ ಬಂದರೆ ತಕ್ಷಣ ನಿಲ್ಲಿಸಿ, ಇನ್ನೊಂದು ದಮ್ ಎಳೆದು ನೋಡೋಣ ಅನ್ನಬೇಡಿ, ಸುಟ್ಟ ಹತ್ತಿಯ ಹೊಗೆ ಒಳಗೆ ಹೋಗುವುದು ಒಳ್ಳೆಯದಲ್ಲ. ಲಿಕ್ವಿಡ್ ಕಾಲು ಭಾಗಕ್ಕಿಂತ ಕೆಳಗೆ ಇಳಿದಿದೆಯಾ ನೋಡಿ, ಇಳಿದಿದ್ದರೆ ತುಂಬಿಸಿ ಕಾಯಿರಿ. ವ್ಯಾಟ್ ಜಾಸ್ತಿ ಇಟ್ಟಿದ್ದೀರಾ, ಲಿಕ್ವಿಡ್ ಗಟ್ಟಿಯಾಯಿತಾ ಅಂತ ಯೋಚಿಸಿ. ಇವೆಲ್ಲ ಸರಿ ಇದ್ದೂ ರುಚಿ ಹಾಗೇ ಇದ್ದರೆ ಪಾಡ್ ಬದಲಾಯಿಸುವುದೊಂದೇ ದಾರಿ. ಸಾಮಾನ್ಯವಾಗಿ ಒಂದು ಪಾಡ್ ಒಂದರಿಂದ ಎರಡು ವಾರ ಬಾಳುತ್ತದೆ. ರುಚಿ ಮಂಕಾಗುವುದು, ಆವಿ ಕಡಿಮೆಯಾಗುವುದು, ಲಿಕ್ವಿಡ್ ಕಪ್ಪಗಾಗುವುದು ಮುನ್ಸೂಚನೆ. ಒಂದು ಪಾಡ್ ಸದಾ ಹೆಚ್ಚಿಗೆ ಇಟ್ಟುಕೊಂಡಿರಿ. ರಾತ್ರಿ ಹತ್ತು ಗಂಟೆಗೆ ಪಾಡ್ ಸುಟ್ಟು ಮನೆಯಲ್ಲಿ ಇನ್ನೊಂದು ಇಲ್ಲದಿರುವುದೇ ಬಹಳ ಜನ ಮತ್ತೆ ಸಿಗರೇಟಿಗೆ ಹೋಗುವ ಗಳಿಗೆ.

ಗುಳುಗುಳು ಸದ್ದು, ಬಾಯಿಗೆ ಬಿಸಿ ಹನಿ ಸಿಡಿಯುವುದು: ಕೊಳವೆಯೊಳಗೆ ಲಿಕ್ವಿಡ್ ತುಂಬಿಕೊಂಡಿದೆ ಅಂತ ಅರ್ಥ. ಪಾಡ್ ತೆಗೆದು, ಟಿಶ್ಯೂ ಕಾಗದದಲ್ಲಿ ಬಾಯಿ ಇಡುವ ತುದಿ ಹಿಡಿದು ಕೆಳಮುಖವಾಗಿ ಒಂದೆರಡು ಸಲ ಝಾಡಿಸಿ, ಕಾಗದವನ್ನು ಸುರುಳಿ ಮಾಡಿ ಕೊಳವೆಗೆ ತೂರಿಸಿ ಒರೆಸಿ. ಹೆಚ್ಚಾಗಿ ಇಷ್ಟಕ್ಕೇ ಸರಿಹೋಗುತ್ತದೆ.

ಪಾಡ್ ಮತ್ತು ಬ್ಯಾಟರಿ ನಡುವೆ ಸ್ವಲ್ಪ ಒದ್ದೆ ಕಂಡರೆ ಅದು ಸೋರಿಕೆಯೇ ಆಗಬೇಕಿಲ್ಲ, ಆವಿ ತಣಿದು ಹನಿಯಾಗುವುದು ಸಹಜ. ದಿನಕ್ಕೊಮ್ಮೆ ಪಾಡ್ ತೆಗೆದು ಎರಡೂ ಕಡೆಯ ಲೋಹದ ಚುಕ್ಕೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಸಾಧನ ಪಾಡನ್ನು ಗುರುತಿಸುತ್ತಿಲ್ಲ, ದೀಪ ಮಿಣುಕುತ್ತದೆ ಅಂದರೂ ಮೊದಲು ಮಾಡಬೇಕಾದ್ದು ಇದನ್ನೇ. ನಿಜವಾಗಿ ಸೋರುತ್ತಿದ್ದರೆ ಮುಚ್ಚಳ ಸರಿ ಕೂತಿಲ್ಲ, ಕಾಯಿಲ್ ಪೂರ್ತಿ ಒಳಗೆ ಹೋಗಿಲ್ಲ, ಲಿಕ್ವಿಡ್ ತೀರಾ ತೆಳು, ಅಥವಾ ಪಾಡ್ ಬಿರುಕು ಬಿಟ್ಟಿದೆ. ಬಿಸಿಲಿಗೆ ಲಿಕ್ವಿಡ್ ತೆಳುವಾಗಿ ಇಳಿಯುವುದೂ ಉಂಟು. ವಿಮಾನದಲ್ಲಿ ಒತ್ತಡ ಬದಲಾದಾಗ ಪಾಡ್ ಸೋರುತ್ತದೆ, ಹತ್ತುವ ಮೊದಲು ಖಾಲಿ ಮಾಡಿಟ್ಟರೆ ಕ್ಷೇಮ. ಸಾಧನ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ, ವಿಮಾನದೊಳಗೆ ಚಾರ್ಜ್ ಮಾಡುವಂತಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ

ನಿಕೋಟಿನ್ ಲಿಕ್ವಿಡ್ ವಿಷ. 20 ಮಿ.ಗ್ರಾಂ.ನ 10 ಮಿ.ಲೀ. ಬಾಟಲಿಯಲ್ಲಿ ಒಟ್ಟು 200 ಮಿ.ಗ್ರಾಂ. ನಿಕೋಟಿನ್ ಇರುತ್ತದೆ, ಸಣ್ಣ ಮಗುವಿಗೆ ಅದರ ಚೂರೇ ಭಾಗ ಕೂಡ ಅಪಾಯ. ಹಣ್ಣಿನ ವಾಸನೆ, ಬಣ್ಣದ ಚಿತ್ರ, ಮಕ್ಕಳ ಕೈ ಹೋಗುವುದೇ ಅತ್ತ. ನಾಯಿ, ಬೆಕ್ಕಿಗೂ ಅಷ್ಟೇ. ಬಾಟಲಿ ಮತ್ತು ಪಾಡ್ ಎರಡನ್ನೂ ಬೀಗ ಹಾಕುವ ಕಡೆ ಇಡಿ, ಮೇಜಿನ ಮೇಲೆ ಬಿಡಬೇಡಿ. ಖಾಲಿ ಪಾಡ್‌ನಲ್ಲೂ ಉಳಿಕೆ ಇರುತ್ತದೆ. ಮಗು ಬಾಯಿಗೆ ಹಾಕಿಕೊಂಡಿತು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಬಾಟಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಓಡಿ. ನಿಮ್ಮ ಚರ್ಮಕ್ಕೆ ತಾಗಿದರೆ ಸೋಪು ಹಾಕಿ ತೊಳೆಯಿರಿ, ಕಣ್ಣಿಗೆ ಬಿದ್ದರೆ ತುಂಬ ಹೊತ್ತು ನೀರು ಹಾಕಿ ತೊಳೆದು ಡಾಕ್ಟರಿಗೆ ತೋರಿಸಿ. ಮಕ್ಕಳಿರುವ ಕೋಣೆಯಲ್ಲಿ ಸೇದಬೇಡಿ.

ಸಿಗರೇಟು ನಿಂತ ಮೇಲೆ

ದಿನಕ್ಕೆ ಹತ್ತು ಸೇದುತ್ತಿದ್ದೆ, ಈಗ ಐದು ಮತ್ತು ವೇಪ್ ಅಂತ ಅಲ್ಲೇ ನಿಲ್ಲಬೇಡಿ. ಎರಡನ್ನೂ ಸೇದುತ್ತ ಹೋದರೆ ಸುಟ್ಟ ಹೊಗೆಯ ಹಾನಿ ನಿಮ್ಮ ಬೆನ್ನು ಬಿಡುವುದಿಲ್ಲ, ದಿನಕ್ಕೆ ಒಂದೆರಡು ಸಿಗರೇಟು ಕೂಡ ಹೃದಯಕ್ಕೆ ಕೆಟ್ಟದ್ದೇ. ಕೆಲವರಿಗೆ ಒಂದೇ ದಿನ ಬದಲಾಗಲು ಆಗುತ್ತದೆ, ಕೆಲವರಿಗೆ ಕೆಲವು ವಾರ ಬೇಕು, ಅದು ಸರಿಯೇ. ಆದರೆ ಕೊನೆಯ ಸಿಗರೇಟಿಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಊಟದ ನಂತರದ್ದು, ಬೆಳಿಗ್ಗೆ ಎದ್ದ ಕೂಡಲೇ ಹಚ್ಚುವುದು, ಇವೇ ಬಿಡಲು ಕಷ್ಟ. ಆ ಹೊತ್ತಿಗೆ ಪಾಡ್ ತುಂಬಿ, ಚಾರ್ಜ್ ಆಗಿ ಕೈಗೆ ಸಿಗುವಂತಿರಲಿ.

ಸಿಗರೇಟು ನಿಂತು ಕೆಲವು ತಿಂಗಳಾದ ಮೇಲೆ, ಅದರ ನೆನಪು ದಿನವಿಡೀ ಕಾಡುವುದು ನಿಂತ ಮೇಲೆ, ನಿಕೋಟಿನ್ ಇಳಿಸಲು ಶುರು ಮಾಡಿ. 20ರಿಂದ 10, ಆಮೇಲೆ 5 ಅಥವಾ 6, ಆಮೇಲೆ 3, ಆಮೇಲೆ ಸೊನ್ನೆ. 20ರಿಂದ 10ಕ್ಕೆ ಇಳಿಯುವುದು ದೊಡ್ಡ ಹೆಜ್ಜೆ. ಕಷ್ಟ ಅನಿಸಿದರೆ ಅದೇ ರುಚಿಯ, ಅದೇ ಕಂಪನಿಯ 20 ಮತ್ತು 10ರ ಬಾಟಲಿಗಳನ್ನು ಸಮ ಸಮ ಪಾಡ್‌ಗೆ ಹಾಕಿಕೊಳ್ಳಿ, 15 ಆಗುತ್ತದೆ. ಇಳಿಸಿದ ವಾರದಲ್ಲಿ ಎಷ್ಟು ಮಿ.ಲೀ. ಖರ್ಚಾಯಿತು ಅಂತ ಗಮನ ಇಡಿ. ದಿನಕ್ಕೆ 2 ಮಿ.ಲೀ. ಸೇದುತ್ತಿದ್ದವರು 4 ಮಿ.ಲೀ.ಗೆ ಏರಿದ್ದರೆ ನಿಕೋಟಿನ್ ಕಡಿಮೆ ಆಗಿಲ್ಲ, ಆವಿ ಮಾತ್ರ ಜಾಸ್ತಿ ಒಳಗೆ ಹೋಗುತ್ತಿದೆ. ಹಾಗಾದರೆ ಒಂದು ಹೆಜ್ಜೆ ಹಿಂದೆ ಹೋಗಿ, ಇನ್ನಷ್ಟು ವಾರ ಅಲ್ಲೇ ನಿಂತು ಮತ್ತೆ ಇಳಿಸಿ. ಮತ್ತೆ ಸಿಗರೇಟು ಹಚ್ಚುವ ಹಾಗಾಗುತ್ತಿದೆ ಅನಿಸಿದರೆ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಇದಕ್ಕೆ ಗಡುವು ಇಲ್ಲ. ಬೇಕಾದರೆ ಡಾಕ್ಟರ ಸಹಾಯ ತಗೊಳ್ಳಿ, ಪ್ಯಾಚ್ ಮತ್ತು ಮಾತ್ರೆಗಳ ದಾರಿಯೂ ಇದೆ.

ಹಳೆ ಸಾಧನವನ್ನು ಮನೆಯ ಕಸದ ಬುಟ್ಟಿಗೆ ಹಾಕಬೇಡಿ, ಒಳಗಿನ ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಅಮುಕಿಕೊಂಡರೆ ಬೆಂಕಿ ಹತ್ತುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಕೊಡಿ.